ಲಿನಕ್ಸ್‌ನಲ್ಲಿ ಡ್ರೈವರ್: ದೋಷ ಯಾವ ಮೆಟ್ಟಿಲಲ್ಲಿದೆ ಎಂದು ಹುಡುಕುವುದು ಹೇಗೆ?



2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಿರಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಬರುವ ನಿಮ್ಮಲ್ಲಿ ಹಲವರ ಮನೆಯಲ್ಲಿರುವುದು ಅಣ್ಣನೋ ಅಕ್ಕನೋ ಡಿಗ್ರಿ ಓದುವಾಗ ಕೊಂಡ ಕಂಪ್ಯೂಟರ್. ಅದರ ಮದರ್‌ಬೋರ್ಡ್ ಚೆನ್ನಾಗಿದೆ, ರ್ಯಾಮ್ ಚೆನ್ನಾಗಿದೆ, ಆದರೂ ಅದನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಶುರುವಾಗಿರುತ್ತದೆ.

ಇಂಥ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಅದು ಇನ್ನೂ ಐದಾರು ವರ್ಷ ನಡೆಯಬಲ್ಲದು. ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದ ಹಾಕಲು ಅರ್ಧ ಗಂಟೆ ಸಾಕು. ತೊಂದರೆ ಬರುವುದು ಆಮೇಲೆ. ವೈಫೈ ಕಾಣಿಸುವುದಿಲ್ಲ, ಇಲ್ಲವೇ ಪ್ರಿಂಟರ್ ಸುಮ್ಮನೆ ಕೂರುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: "ಲಿನಕ್ಸ್ ನಮಗೆ ಆಗಿಬರೋದಿಲ್ಲ ಬಿಡ್ರಿ." ಲಿನಕ್ಸ್ ತೆಗೆದು ಮತ್ತೆ ಹಾಕುತ್ತಾರೆ, ಬೇರೆ ಆವೃತ್ತಿ ಹಾಕುತ್ತಾರೆ, ಕೊನೆಗೆ ಕೈಬಿಡುತ್ತಾರೆ. ಆದರೆ ಡ್ರೈವರ್‌ನ ತೊಂದರೆ ಬಹುತೇಕ ಸಲ ನಾಲ್ಕು ಮೆಟ್ಟಿಲುಗಳಲ್ಲಿ ಯಾವುದೋ ಒಂದರಲ್ಲಿ ಇರುತ್ತದೆ, ಮತ್ತು ಯಾವುದರಲ್ಲಿ ಎಂಬುದನ್ನು ಲಿನಕ್ಸ್ ತಾನೇ ಬರೆದಿಟ್ಟಿರುತ್ತದೆ. ಅದನ್ನು ಓದುವುದು ಹೇಗೆ ಎಂಬುದೇ ಈ ಪಾಠ.

ಒಂದು ಸೂಚನೆ: ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಡ್ರೈವರ್ ಎಂದರೇನು?

ಹುಕ್ಕೇರಿ ತಾಲ್ಲೂಕಿನವರಿಗೆ ಗೊತ್ತಿರುವಂತೆ ಅಲ್ಲಿ ಕರೆಂಟ್ ಹಂಚುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಗೋಕಾಕ ಮತ್ತು ಮೂಡಲಗಿಯಲ್ಲಿ ಹೆಸ್ಕಾಂ. ಬಿಲ್ಲು ಕೊಡುವವರು ಬೇರೆ, ಲೈನ್‌ಮನ್ ಬೇರೆ. ಆದರೆ ಗೋಕಾಕದಲ್ಲಿ ಕೊಂಡ ಬಲ್ಬನ್ನು ಹುಕ್ಕೇರಿಯಲ್ಲಿ ಹಾಕಿದರೂ ಉರಿಯುತ್ತದೆ, ಏಕೆಂದರೆ ಇಬ್ಬರೂ ಮನೆಯ ಸಾಕೆಟ್‌ಗೆ ಒಂದೇ ಬಗೆಯ ಕರೆಂಟ್ ಕೊಡುತ್ತಾರೆ. ಬಲ್ಬಿಗೆ ಸಂಘದ ಒಳವ್ಯವಹಾರ ಗೊತ್ತಿರಬೇಕಾಗಿಲ್ಲ.

ಡ್ರೈವರ್ ಕೂಡ ಹೀಗೆಯೇ. ಕೆಳಗೆ ನೂರಾರು ಕಂಪನಿಗಳ ಸಾವಿರಾರು ಚಿಪ್‌ಗಳಿವೆ; ಪ್ರತಿಯೊಂದರ ನಡವಳಿಕೆ ಬೇರೆ. ಮೇಲೆ ಬ್ರೌಸರ್, ಟೆಕ್ಸ್ಟ್ ಎಡಿಟರ್‌ನಂಥ ಪ್ರೋಗ್ರಾಂಗಳಿವೆ; ಅವಕ್ಕೆ ಚಿಪ್‌ನ ಹೆಸರೂ ಬೇಡ. ನಡುವೆ ನಿಂತು, ಆ ಚಿಪ್‌ನ ಭಾಷೆಯನ್ನು ಎಲ್ಲರಿಗೂ ಅರ್ಥವಾಗುವ ಒಂದೇ ರೂಪಕ್ಕೆ ತರುವ ಪ್ರೋಗ್ರಾಂ ಡ್ರೈವರ್. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ ಕರ್ನೆಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಭಾಗವಾಗಿರುತ್ತದೆ. ಲಿನಕ್ಸ್ ಕರ್ನೆಲ್‌ನ ಮೂಲ ಸಂಕೇತದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ಡ್ರೈವರ್‌ಗಳದ್ದೇ.

ಒಂದು ಕೀಲಿ ಒತ್ತಿದಾಗ ಏನಾಗುತ್ತದೆ ನೋಡೋಣ. ಯುಎಸ್‌ಬಿ ಕೀಬೋರ್ಡ್‌ನಲ್ಲಿ 'ಕೆ' ಕೀಲಿ ಒತ್ತಿದರೆ ಅದು 14 ಎಂಬ ಸಂಖ್ಯೆಯನ್ನು ಕಳಿಸುತ್ತದೆ. ಹಳೆಯ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಅದೇ ಕೀಲಿಗೆ ಬೇರೆಯೇ ಸಂಖ್ಯೆ ಕಳಿಸುತ್ತದೆ. ಎರಡಕ್ಕೂ ಬೇರೆ ಬೇರೆ ಡ್ರೈವರ್‌ಗಳಿವೆ. ಆದರೆ ಎರಡೂ ಡ್ರೈವರ್‌ಗಳು ಮೇಲಕ್ಕೆ ಕೊಡುವ ಸಂಖ್ಯೆ ಒಂದೇ: 37. ಕರ್ನೆಲ್‌ಗೆ ಗೊತ್ತಿರುವುದು ಇಷ್ಟೇ. ಅದಕ್ಕೆ ಕನ್ನಡವೂ ಗೊತ್ತಿಲ್ಲ, ಉರ್ದುವೂ ಗೊತ್ತಿಲ್ಲ. 37 ಎಂದರೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಅದರ ಮೇಲಿನ ಪದರವಾದ ಕೀಲಿಮಣೆ ವಿನ್ಯಾಸ. ನೀವು ಕನ್ನಡದ ಕಗಪ ವಿನ್ಯಾಸ ಆರಿಸಿದ್ದರೆ 37 ಎಂಬುದು 'ಕ' ಆಗುತ್ತದೆ, ಅಂದರೆ ಯೂನಿಕೋಡ್‌ನ 0ಸಿ95. ಉರ್ದು ಫೋನೆಟಿಕ್ ಆರಿಸಿದ್ದರೆ ಅದೇ 37 'ಕಾಫ್' ಅಕ್ಷರವಾಗಿ ಬಲದಿಂದ ಎಡಕ್ಕೆ ಮೂಡುತ್ತದೆ. ಮರಾಠಿ ಇನ್‌ಸ್ಕ್ರಿಪ್ಟ್ ಆರಿಸಿದವರಿಗೆ ದೇವನಾಗರಿಯ ಕ. ನಮ್ಮ ತರಗತಿಯ ಮೂರೂ ಮನೆಮಾತುಗಳು ಒಂದೇ 37ರಿಂದ ಹುಟ್ಟುತ್ತವೆ.

ಇದನ್ನು ಏಕೆ ಇಷ್ಟು ಬಿಡಿಸಿ ಹೇಳಿದೆ? "ಲಿನಕ್ಸ್‌ನಲ್ಲಿ ಕನ್ನಡ ಬರುತ್ತಿಲ್ಲ, ಕೀಬೋರ್ಡ್ ಡ್ರೈವರ್ ಹಾಳಾಗಿದೆ" ಎಂದು ಹೇಳುವವರು ಬಹಳ. ಇದನ್ನು ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು. ಇವ್‌ಟೆಸ್ಟ್ ಎಂಬ ಸಣ್ಣ ಪ್ರೋಗ್ರಾಂ ಹಾಕಿಕೊಂಡು, ಕೀಬೋರ್ಡನ್ನು ಆರಿಸಿ, 'ಕೆ' ಒತ್ತಿ. ತೆರೆಯ ಮೇಲೆ 37 ಬಂತೋ, ಡ್ರೈವರ್ ನಿರಪರಾಧಿ. ದೋಷ ವಿನ್ಯಾಸದಲ್ಲಿದೆ ಅಥವಾ ಫಾಂಟ್‌ನಲ್ಲಿದೆ. ಹಳೆಯ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಫೈಲ್ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣುವುದೂ ಇದೇ ಕಾರಣಕ್ಕೆ. ಅದಕ್ಕೂ ಕೀಬೋರ್ಡಿಗೂ ಸಂಬಂಧವೇ ಇಲ್ಲ.

ಯಂತ್ರ ತನ್ನ ಹೆಸರು ಹೇಗೆ ಹೇಳುತ್ತದೆ?

ಯುಎಸ್‌ಬಿ ಸಾಧನವನ್ನು ಚುಚ್ಚಿದ ಕೂಡಲೇ ಅದು ಎರಡು ಸಂಖ್ಯೆಗಳನ್ನು ಹೇಳುತ್ತದೆ. ಮೊದಲನೆಯದು ತಯಾರಕರ ಸಂಖ್ಯೆ, ಎರಡನೆಯದು ಸಾಧನದ ಸಂಖ್ಯೆ. ಎರಡೂ ಹೆಕ್ಸಾಡೆಸಿಮಲ್‌ನಲ್ಲಿ ಇರುವುದರಿಂದ ಅಂಕಿಗಳ ನಡುವೆ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಬರುತ್ತವೆ. ಕಂಪ್ಯೂಟರ್ ಒಳಗೆ ಪಿಸಿಐ ಬಸ್‌ನಲ್ಲಿ ಕುಳಿತ ಸಾಧನಗಳಿಗೂ ಇಂಥದೇ ಜೋಡಿ ಸಂಖ್ಯೆ ಇದೆ. (ಬಸ್ ಎಂದರೆ ಇಲ್ಲಿ ಸಾಧನಗಳನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿ, ಗೋಕಾಕದಿಂದ ಮೂಡಲಗಿಗೆ ಹೋಗುವುದಲ್ಲ.)

ಇನ್ನೊಂದು ಕಡೆ, ಪ್ರತಿ ಡ್ರೈವರ್‌ನ ಒಳಗೂ ಒಂದು ಪಟ್ಟಿ ಇರುತ್ತದೆ: "ಈ ಈ ಸಂಖ್ಯೆಯವು ನನ್ನವು." ಸಾಧನ ಹೇಳಿದ ಸಂಖ್ಯೆ ಯಾವ ಡ್ರೈವರ್‌ನ ಪಟ್ಟಿಯಲ್ಲಿದೆಯೋ ಆ ಡ್ರೈವರನ್ನು ಲಿನಕ್ಸ್ ತಾನಾಗಿಯೇ ಮೆಮೊರಿಗೆ ತರುತ್ತದೆ. ನಮ್ಮ ಹಾಜರಿ ಪುಸ್ತಕದ ಹಾಗೆ. ರಿಜಿಸ್ಟರ್‌ನಲ್ಲಿ ಹೆಸರಿಲ್ಲದಿದ್ದರೆ ವಿದ್ಯಾರ್ಥಿ ಎಷ್ಟೇ ಜಾಣನಾಗಿದ್ದರೂ ಹಾಜರಿ ಬೀಳುವುದಿಲ್ಲ.

ಆದ್ದರಿಂದ ಡಬ್ಬಿಯ ಮೇಲಿನ ಹೆಸರನ್ನು ನಂಬಿ ಹೋಗಬೇಡಿ. ಒಳ್ಳೆಯ ಉದಾಹರಣೆ ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಎನ್722ಎನ್ ಎಂಬ ವೈಫೈ ಡಾಂಗಲ್. ಅದರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಥೆರೋಸ್ ಕಂಪನಿಯ ಎಆರ್9271 ಚಿಪ್. ಎರಡನೇ ಆವೃತ್ತಿಯಿಂದ ಒಳಗೆ ಬಂದದ್ದು ರಿಯಲ್‌ಟೆಕ್‌ನ ಬೇರೆ ಚಿಪ್. ಹೆಸರು ಅದೇ, ರೂಪವೂ ಹೆಚ್ಚುಕಡಿಮೆ ಅದೇ, ಬೇಕಾದ ಡ್ರೈವರ್ ಮಾತ್ರ ಪೂರ್ತಿ ಬೇರೆ. ಒಬ್ಬರಿಗೆ ಕೆಲಸ ಮಾಡಿದ ಸಲಹೆ ಇನ್ನೊಬ್ಬರಿಗೆ ಏಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ನಾಲ್ಕು ಪ್ರಶ್ನೆಗಳು

ಯಾವ ಸಾಧನವೇ ಆಗಲಿ, ಈ ಕ್ರಮದಲ್ಲಿ ಕೇಳಿಕೊಳ್ಳಿ. ಕ್ರಮ ಮುಖ್ಯ, ಮೊದಲ ಪ್ರಶ್ನೆಗೆ ಉತ್ತರ ಸಿಗದೆ ಮೂರನೆಯದಕ್ಕೆ ಹಾರಿದರೆ ದಿನವಿಡೀ ಕುಳಿತರೂ ಪ್ರಯೋಜನವಿಲ್ಲ.

ಮೊದಲ ಪ್ರಶ್ನೆ: ಸಾಧನ ಬಸ್‌ನಲ್ಲಿ ಕಾಣುತ್ತಿದೆಯೇ? ಯುಎಸ್‌ಬಿಗೆ ಎಲ್‌ಎಸ್‌ಯುಎಸ್‌ಬಿ, ಒಳಗಿನ ಕಾರ್ಡ್‌ಗಳಿಗೆ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟು ನೋಡಿ. ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಡ್ರೈವರ್ ಹುಡುಕುವುದು ವ್ಯರ್ಥ. ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ, ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದರಲ್ಲಿ ಚುಚ್ಚಿ. ಇಲ್ಲಿ ಕರ್ನೆಲ್‌ನ ದಿನಚರಿ ನೆರವಿಗೆ ಬರುತ್ತದೆ. ಸುಡೋ ಸೇರಿಸಿ ಡಿಮೆಸೇಜ್, ಅಂದರೆ ಡಿ-ಎಂ-ಇ-ಎಸ್-ಜಿ ಎಂಬ ಆಜ್ಞೆ ಕೊಟ್ಟರೆ ಕರ್ನೆಲ್ ಬರೆದುಕೊಂಡದ್ದೆಲ್ಲ ತೆರೆಗೆ ಬರುತ್ತದೆ. ಅದರ ಮುಂದೆ ಒಂದು ಅಡ್ಡಗೆರೆ ಮತ್ತು ಡಬ್ಲ್ಯು ಸೇರಿಸಿದರೆ ಹೊಸ ಸಾಲುಗಳು ಬಂದಂತೆಲ್ಲ ಕಾಣುತ್ತವೆ. ಅದನ್ನು ತೆರೆದಿಟ್ಟು ಸಾಧನ ಚುಚ್ಚಿ.

ಆ ಸಾಲುಗಳಲ್ಲಿ ಕೆಲವೊಮ್ಮೆ ಋಣ ಸಂಖ್ಯೆಗಳು ಬರುತ್ತವೆ. ಹೆದರಬೇಡಿ, ಅವು ದೋಷದ ಗುರುತುಗಳು. -71 ಎಂದರೆ ಸಂಭಾಷಣೆಯ ನಿಯಮ ತಪ್ಪಿತು. ಬಹುಪಾಲು ಕೇಬಲ್, ಪೋರ್ಟ್ ಅಥವಾ ಕರೆಂಟ್ ಸಾಲದಿರುವುದು ಕಾರಣ. -110 ಎಂದರೆ ಕಾದು ಕಾದು ಉತ್ತರ ಬರಲಿಲ್ಲ. -2 ಎಂದರೆ ಕೇಳಿದ ಫೈಲ್ ಇಲ್ಲ. -12 ಎಂದರೆ ಮೆಮೊರಿ ಸಿಗಲಿಲ್ಲ. ಈ ನಾಲ್ಕನ್ನು ನೋಟ್‌ಬುಕ್ಕಿನ ಹಿಂಪುಟದಲ್ಲಿ ಬರೆದುಕೊಂಡರೆ ಸಾಕು, ಮೊದಲ ವರ್ಷ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಎರಡನೇ ಪ್ರಶ್ನೆ: ಯಾವ ಡ್ರೈವರ್ ಅದನ್ನು ತನ್ನದೆಂದು ಹಿಡಿದುಕೊಂಡಿದೆ? ಎಲ್‌ಎಸ್‌ಯುಎಸ್‌ಬಿ ಮುಂದೆ ಅಡ್ಡಗೆರೆ ಟಿ ಸೇರಿಸಿದರೆ, ಎಲ್‌ಎಸ್‌ಪಿಸಿಐ ಮುಂದೆ ಅಡ್ಡಗೆರೆ ಕೆ ಸೇರಿಸಿದರೆ, ಪ್ರತಿ ಸಾಧನದ ಎದುರು ಡ್ರೈವರ್‌ನ ಹೆಸರು ಬರುತ್ತದೆ. ಹೆಸರೇ ಇಲ್ಲದಿದ್ದರೆ ಯಾರೂ ಹಿಡಿದಿಲ್ಲ ಎಂದರ್ಥ. ತಪ್ಪು ಡ್ರೈವರ್ ಹಿಡಿದಿರುವ ಸಾಧ್ಯತೆಯೂ ಇದೆ. ಅದೇ ಸ್ವಾರಸ್ಯದ ಪ್ರಕರಣ.

ಅಂಗಡಿಯಲ್ಲಿ ಸಿಗುವ ಅಗ್ಗದ ವೈಫೈ ಡಾಂಗಲ್‌ಗಳಲ್ಲಿ ಹಲವು ಚುಚ್ಚಿದಾಗ ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಎಂದು ಕಾಣಿಸುತ್ತವೆ. 0ಬಿಡಿಎ ಎಂಬುದು ರಿಯಲ್‌ಟೆಕ್‌ನ ಸಂಖ್ಯೆ. ಆದರೆ ಅದನ್ನು ಹಿಡಿದಿರುವ ಡ್ರೈವರ್ ಯುಎಸ್‌ಬಿ-ಸ್ಟೋರೇಜ್, ಅಂದರೆ ಪೆನ್‌ಡ್ರೈವ್‌ಗೆ ಬಳಸುವುದು! ವೈಫೈಗೂ ಪೆನ್‌ಡ್ರೈವ್‌ಗೂ ಏನು ನಂಟು? ಈ ಡಾಂಗಲ್ ಮೊದಲು ತಾನೊಂದು ಸಿಡಿ ಡ್ರೈವ್ ಎಂದು ವೇಷ ಹಾಕುತ್ತದೆ. ಆ ನಕಲಿ ಸಿಡಿಯಲ್ಲಿ ವಿಂಡೋಸ್‌ಗೆ ಬೇಕಾದ ಡ್ರೈವರ್ ಇರುತ್ತದೆ. ವಿಂಡೋಸ್‌ನವರಿಗೆ ಅನುಕೂಲ. ಲಿನಕ್ಸ್ ಮಾತ್ರ ಅದರ ಮಾತು ನಂಬಿ ಸಿಡಿಯಂತೆಯೇ ನೋಡಿಕೊಳ್ಳುತ್ತದೆ. ಹಿಂದೆ ಸಿಮ್ ಹಾಕುವ 3ಜಿ ಡಾಂಗಲ್‌ಗಳು ಬಂದಾಗಲೂ ಇದೇ ಆಟವಿತ್ತು.

ಪರಿಹಾರ ಸರಳ: ಆ ಸಿಡಿಯನ್ನು ಹೊರತೆಗೆಯಲು ಹೇಳಬೇಕು. ಫೈಲ್ ಮ್ಯಾನೇಜರ್‌ನಲ್ಲಿ ಅದರ ಪಕ್ಕದ ಇಜೆಕ್ಟ್ ಗುಂಡಿ ಒತ್ತಿದರೂ ಎಷ್ಟೋ ಸಲ ಸಾಕು. ಖಾಯಂ ಆಗಿ ಮಾಡಲು ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಇದೆ. ಆಜ್ಞೆ ಸಿಕ್ಕಿದ ಕೂಡಲೇ ಡಾಂಗಲ್ ವೇಷ ಕಳಚಿ, ಹೊಸ ಸಂಖ್ಯೆಯೊಂದಿಗೆ ಮತ್ತೆ ಹಾಜರಾಗುತ್ತದೆ. ಒಳಗಿನ ಚಿಪ್ 8811ಸಿಯು ಆಗಿದ್ದರೆ ಆ ಸಂಖ್ಯೆ 0ಬಿಡಿಎ:ಸಿ811. ಇದಕ್ಕೆ ಬೇಕಾದ ಡ್ರೈವರ್ 6.2ನೇ ಕರ್ನೆಲ್‌ನಿಂದ ಲಿನಕ್ಸ್‌ನ ಒಳಗೇ ಇದೆ. ಅದಕ್ಕಿಂತ ಹಳೆಯ ಕರ್ನೆಲ್ ಇದ್ದವರು ಮೊದಲು ಮಾಡಬೇಕಾದದ್ದು ಕರ್ನೆಲ್ ನವೀಕರಣ. ಎಲ್ಲಿಂದಲೋ ಸಿಕ್ಕ ಡ್ರೈವರ್ ಇಳಿಸಿ ಹಾಕುವುದು ಕೊನೆಯ ದಾರಿ. ನಿಮ್ಮ ಕರ್ನೆಲ್ ಯಾವುದು ಎಂದು ತಿಳಿಯಲು ಯುನೇಮ್ ಅಡ್ಡಗೆರೆ ಆರ್.

ಹಾಗೆ ಹೊರಗಿನ ಡ್ರೈವರ್ ಹಾಕಲೇಬೇಕಾದರೆ ಎರಡು ಸಂಗತಿ ನೆನಪಿರಲಿ. ಕರ್ನೆಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು. ಆ ಕೆಲಸವನ್ನು ತಾನೇ ಮಾಡುವ ವ್ಯವಸ್ಥೆಗೆ ಡಿಕೆಎಂಎಸ್ ಎನ್ನುತ್ತಾರೆ. ಎರಡನೆಯದು, ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಉಬುಂಟುವಿನಂಥ ವ್ಯವಸ್ಥೆಗಳ ಕರ್ನೆಲ್ ಒಳಗೆ ಬಿಡುವುದಿಲ್ಲ. "ನಿನ್ನೆ ನಡೀತಿತ್ತು, ಇವತ್ತು ಅಪ್‌ಡೇಟ್ ಆದಮೇಲೆ ನಿಂತಿದೆ" ಎಂಬ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು.

ಮೂರನೇ ಪ್ರಶ್ನೆ: ಫರ್ಮ್‌ವೇರ್ ಸಿಕ್ಕಿತೇ? ಡ್ರೈವರ್ ನಮ್ಮ ಪ್ರೊಸೆಸರ್‌ನಲ್ಲಿ ಓಡುತ್ತದೆ. ಆದರೆ ಈಗಿನ ವೈಫೈ ಚಿಪ್‌ಗಳ ಒಳಗೂ ಒಂದು ಸಣ್ಣ ಪ್ರೊಸೆಸರ್ ಇರುತ್ತದೆ. ಅದರಲ್ಲಿ ಓಡಬೇಕಾದ ಪ್ರೋಗ್ರಾಂ ಫರ್ಮ್‌ವೇರ್. ಅನೇಕ ಚಿಪ್‌ಗಳಿಗೆ ಅದನ್ನು ಕಾಯಂ ಆಗಿ ಇಟ್ಟುಕೊಳ್ಳುವ ಜಾಗವಿಲ್ಲ; ಡ್ರೈವರ್ ಪ್ರತಿ ಸಲ ತುಂಬಬೇಕು.

ಇದನ್ನು ನೋಡಲು ವೈಫೈಗಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆಯ ಕಚೇರಿಗಳಲ್ಲಿ ಬಹಳ ಕಾಣುವ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್. ಸ್ವಿಚ್ ಆರಿಸಿದ ಕೂಡಲೇ ಅದು ತನ್ನ ಫರ್ಮ್‌ವೇರನ್ನು ಮರೆತುಬಿಡುತ್ತದೆ. ಮತ್ತೆ ಚಾಲೂ ಮಾಡಿದಾಗ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಕಳಿಸದಿದ್ದರೆ ದೀಪ ಉರಿಯುತ್ತದೆ, ಎಲ್‌ಎಸ್‌ಯುಎಸ್‌ಬಿಯಲ್ಲಿ ಹೆಸರು ಕಾಣುತ್ತದೆ, ಮುದ್ರಣದ ಸರದಿಯಲ್ಲಿ ಕಡತವೂ ನಿಲ್ಲುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. ಕರೆಂಟ್ ಬಂದು ಹೋಗುವ ಊರಿನಲ್ಲಿ ಇದರ ಅರ್ಥವೇನು? ಕಂಪ್ಯೂಟರ್‌ಗೆ ಯುಪಿಎಸ್ ಇದೆ, ಪ್ರಿಂಟರ್‌ಗೆ ಇಲ್ಲ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಎಂದಿನಂತೆ ನಡೆಯುತ್ತಿರುತ್ತದೆ, ಪ್ರಿಂಟರ್ ಮರೆತಿರುತ್ತದೆ. "ಬೆಳಿಗ್ಗೆ ಪ್ರಿಂಟ್ ಬಂತು, ಮಧ್ಯಾಹ್ನ ಬರಲಿಲ್ಲ" ಎಂಬ ಒಗಟಿಗೆ ಉತ್ತರ ಇಷ್ಟೇ. ಸಾಧನ ಬಂದದ್ದನ್ನು ಗಮನಿಸಿ ಫರ್ಮ್‌ವೇರ್ ತುಂಬುವ ಯುಡೆವ್ ನಿಯಮ ಸರಿಯಾಗಿ ಕೂತಿದ್ದರೆ ಕರೆಂಟ್ ಬಂದಾಗಲೆಲ್ಲ ಅದು ತಾನೇ ತುಂಬುತ್ತದೆ. ಎಚ್‌ಪಿಯ ಎಚ್‌ಪಿಲಿಪ್ ಪ್ಯಾಕೇಜ್ ಮತ್ತು ಅದರ ಪ್ಲಗಿನ್ ಹಾಕಿದರೆ ಈ ಏರ್ಪಾಡು ಬರುತ್ತದೆ. ಪ್ಲಗಿನ್ ಮರೆತು ಬರೀ ಪ್ಯಾಕೇಜ್ ಹಾಕಿದರೆ ಬರುವುದಿಲ್ಲ, ಏಕೆಂದರೆ ಫರ್ಮ್‌ವೇರ್ ಇರುವುದು ಪ್ಲಗಿನ್‌ನಲ್ಲಿ.

ಡಿಮೆಸೇಜ್‌ನಲ್ಲಿ ಫರ್ಮ್‌ವೇರ್ ಎಂಬ ಪದ, ಫೇಲ್ಡ್ ಎಂಬ ಪದ, ಕೊನೆಗೆ -2 ಕಂಡರೆ ಫೈಲ್ ಸಿಕ್ಕಿಲ್ಲ ಎಂದು ತಿಳಿಯಿರಿ. ಅದೇ ಸಾಲಿನಲ್ಲಿ ಬೇಕಾದ ಫೈಲ್‌ನ ಹೆಸರೂ ಇರುತ್ತದೆ. ಡೆಬಿಯನ್ ಬಳಸುವವರಿಗೆ ಒಂದು ಮಾತು: 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಮಾತ್ರ ಅದರ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇಂಥ ಫರ್ಮ್‌ವೇರ್ ಸೇರಿಸಿದ್ದಾರೆ. ಹಳೆಯ ಡಿವಿಡಿ ಇಟ್ಟುಕೊಂಡವರು ಹೊಸದನ್ನು ಇಳಿಸಿಕೊಳ್ಳಿ.

ನಾಲ್ಕನೇ ಪ್ರಶ್ನೆ: ಮೇಲಿನ ಪದರ ತಡೆದಿದೆಯೇ? ಲ್ಯಾಪ್‌ಟಾಪ್‌ನ ಪಕ್ಕದಲ್ಲಿರುವ ವೈಫೈ ಗುಂಡಿ ಆಫ್ ಆಗಿರಬಹುದು. ಆರ್‌ಎಫ್‌ಕಿಲ್ ಎಂಬ ಆಜ್ಞೆ ಅದನ್ನು ತೋರಿಸುತ್ತದೆ. ಶಬ್ದ ಬರದಿದ್ದರೆ ಅದು ಎಚ್‌ಡಿಎಂಐ ಕಡೆಗೆ ಹೋಗುತ್ತಿರಬಹುದು. ಇವು ಸಣ್ಣ ಸಂಗತಿಗಳು, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಡ್ರೈವರ್ ಬರೆಯುವವರು ಯಾರು, ಹೇಗೆ?

1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂತು. ವೇಗವಾಗಿತ್ತು, ಆದರೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅದಕ್ಕೂ ಮೊದಲಿನ ಪ್ರಿಂಟರ್‌ನ ಪ್ರೋಗ್ರಾಂ ತಿದ್ದಿ, ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆ ಸಂದೇಶ ಹೋಗುವಂತೆ ಮಾಡಿದ್ದರು. ಹೊಸದಕ್ಕೆ ಮೂಲ ಸಂಕೇತವೇ ಬಂದಿರಲಿಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದ ವ್ಯಕ್ತಿಯನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಸಿಕ್ಕಿತು. 1983ರ ಸೆಪ್ಟೆಂಬರ್‌ನಲ್ಲಿ ಸ್ಟಾಲ್‌ಮನ್ ಗ್ನು ಯೋಜನೆಯನ್ನು ಪ್ರಕಟಿಸಿದರು. ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ಒಂದು ಪ್ರಿಂಟರ್ ಡ್ರೈವರ್‌ಗೆ ಇಷ್ಟು ದೊಡ್ಡ ಪಾಲಿದೆ.

ಆ ಸಮಸ್ಯೆ ಇಂದಿಗೂ ಇದೆ. ಝೆರಾಕ್ಸ್ ಅಂಗಡಿಗಳಲ್ಲಿ ನೀವು ನೋಡಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕ್ಯಾಪ್ಟ್ ಎಂಬ ಕಂಪನಿಯದೇ ಭಾಷೆಯಲ್ಲಿ ಮಾತಾಡುತ್ತದೆ. ಲಿನಕ್ಸ್‌ಗೆ ಕಂಪನಿ ಡ್ರೈವರ್ ಕೊಟ್ಟಿದೆ. ಆದರೆ ಅದರ ಮುಖ್ಯ ಭಾಗಗಳಿಗೆ ಮೂಲ ಸಂಕೇತವಿಲ್ಲ, ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ ಸಿದ್ಧಮಾಡಿದ್ದು. ರಾಸ್ಪ್‌ಬೆರಿ ಪೈಯಂಥ ಸಣ್ಣ ಯಂತ್ರಕ್ಕೆ ಅದು ಬಾರದು. ಆದ್ದರಿಂದ ಕೆಲವರು ಸ್ವಂತ ಆಸಕ್ತಿಯಿಂದ, ಕಂಪ್ಯೂಟರ್ ಮತ್ತು ಪ್ರಿಂಟರ್ ನಡುವೆ ಯುಎಸ್‌ಬಿ ತಂತಿಯಲ್ಲಿ ಹರಿಯುವ ಬೈಟ್‌ಗಳನ್ನು ದಾಖಲಿಸಿ, ಯಾವ ಬೈಟ್‌ಗೆ ಏನು ಅರ್ಥ ಎಂದು ಊಹಿಸಿ, ಪರೀಕ್ಷಿಸಿ, ಕ್ಯಾಪ್ಟ್‌ಡ್ರೈವರ್ ಎಂಬ ಮುಕ್ತ ಡ್ರೈವರ್ ಬರೆದಿದ್ದಾರೆ. ಗೊತ್ತಿಲ್ಲದ ಭಾಷೆಯವರ ನಡುವೆ ಕುಳಿತು ಸಂತೆಯಲ್ಲಿ ಮಾತು ಕಲಿತ ಹಾಗೆ. ಬಳಸಿದ ಉಪಕರಣಗಳು ನಿಮಗೂ ಉಚಿತವಾಗಿ ಸಿಗುತ್ತವೆ: ಕರ್ನೆಲ್‌ನ ಯುಎಸ್‌ಬಿಮಾನ್ ಮತ್ತು ವೈರ್‌ಶಾರ್ಕ್.

ಇಂಥ ಕೆಲಸ ದೂರದ ದೇಶದವರದ್ದು ಎಂದುಕೊಳ್ಳಬೇಡಿ. 2000ದ ಆಸುಪಾಸಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಓಡುತ್ತಿದ್ದುದು ಲಿನಕ್ಸ್‌ನಲ್ಲಿ. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರಾಯಿತು. ಬೆಂಗಳೂರಿನ ಐಬಿಎಂನಲ್ಲಿದ್ದ ಶ್ರೀಕೃಷ್ಣನ್ ವೆಂಕಟೇಶ್ವರನ್ ಬರೆದ 'ಎಸೆನ್ಷಿಯಲ್ ಲಿನಕ್ಸ್ ಡಿವೈಸ್ ಡ್ರೈವರ್ಸ್' 2008ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಪಠ್ಯದಂತೆ ಬಳಕೆಯಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಕಿಶೋನ್ ವಿಜಯ್ ಅಬ್ರಹಾಂ 2013ರಲ್ಲಿ ಬರೆದ ಜೆನೆರಿಕ್ ಫೈ ಎಂಬ ಚೌಕಟ್ಟು 2014ರ ಜನವರಿಯಲ್ಲಿ ಬಂದ 3.13ನೇ ಕರ್ನೆಲ್‌ಗೆ ಸೇರಿತು. ಯುಎಸ್‌ಬಿ, ಸಾಟಾ ಮುಂತಾದವುಗಳಲ್ಲಿ ಬಿಟ್‌ಗಳನ್ನು ತಂತಿಯ ಮೇಲಿನ ವಿದ್ಯುತ್ ಸಂಕೇತವಾಗಿ ಮಾಡುವ ಭಾಗವನ್ನು ನಿಭಾಯಿಸುವ ಡ್ರೈವರ್‌ಗಳು ಇಂದು ಆ ಚೌಕಟ್ಟಿನ ಮೇಲೆ ನಿಂತಿವೆ. ಇನ್ನು ಗಡಿಯಾಚೆಯ ಕಾಸರಗೋಡಿನಲ್ಲಿ, ಕೇರಳದ ಶಾಲೆಗಳು ಬಳಸುವ ಕೈಟ್ ಗ್ನು/ಲಿನಕ್ಸ್‌ನಲ್ಲೇ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠ ಕಲಿಯುತ್ತಾರೆ. ಅವರಿಗಿಂತ ನೀವೇನು ಕಡಿಮೆ?

ನಿಮ್ಮ ಮೊದಲ ಮಾಡ್ಯೂಲ್

ಸಿ ಭಾಷೆಯ ಫಂಕ್ಷನ್ ಮತ್ತು ಪಾಯಿಂಟರ್ ಅರ್ಥವಾಗಿದ್ದರೆ ನೀವು ಕರ್ನೆಲ್ ಮಾಡ್ಯೂಲ್ ಬರೆಯಲು ಶುರು ಮಾಡಬಹುದು. ಅದರಲ್ಲಿ ಮೇನ್ ಫಂಕ್ಷನ್ ಇರುವುದಿಲ್ಲ. ಎರಡು ಫಂಕ್ಷನ್ ಇರುತ್ತವೆ: ಒಳಬಂದಾಗ ಓಡುವುದು ಒಂದು, ಹೊರಹೋಗುವಾಗ ಓಡುವುದು ಇನ್ನೊಂದು. ಮಾಡ್ಯೂಲ್ ಇನಿಟ್ ಮತ್ತು ಮಾಡ್ಯೂಲ್ ಎಕ್ಸಿಟ್ ಎಂಬ ಮ್ಯಾಕ್ರೋಗಳಿಂದ ಅವನ್ನು ಗುರುತಿಸುತ್ತೇವೆ. ಪ್ರಿಂಟ್‌ಎಫ್ ಇಲ್ಲ, ಅದರ ಬದಲು ಪ್ರಿಂಟ್‌ಕೆ. ಅದು ಬರೆದದ್ದು ಡಿಮೆಸೇಜ್‌ನಲ್ಲಿ ಕಾಣುತ್ತದೆ. ಇನ್ಸ್‌ಮಾಡ್ ಆಜ್ಞೆಯಿಂದ ಒಳಗೆ ಹಾಕಿ, ಆರ್‌ಎಂಮಾಡ್‌ನಿಂದ ಹೊರತೆಗೆಯಬೇಕು. ಲೈಸೆನ್ಸ್ ಜಿಪಿಎಲ್ ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ಸಾಮಾನ್ಯ ಪ್ರೋಗ್ರಾಂನಲ್ಲಿ ಪಾಯಿಂಟರ್ ತಪ್ಪಿದರೆ ಆ ಪ್ರೋಗ್ರಾಂ ಒಂದೇ ಸಾಯುತ್ತದೆ. ಕರ್ನೆಲ್ ಒಳಗೆ ತಪ್ಪಿದರೆ ಇಡೀ ಯಂತ್ರವೇ ನಿಲ್ಲಬಹುದು, ಉಳಿಸದ ಕಡತ ಹೋಗಬಹುದು. ಆದ್ದರಿಂದ ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ನೇರವಾಗಿ ಮಾಡಬೇಡಿ. ವರ್ಚುವಲ್‌ಬಾಕ್ಸ್ ಒಳಗೆ ಇನ್ನೊಂದು ಲಿನಕ್ಸ್ ಹಾಕಿ ಅಲ್ಲಿ ಮಾಡಿ. ಅದು ಕೆಟ್ಟರೆ ಅಳಿಸಿ ಮತ್ತೆ ಮಾಡಿದರಾಯಿತು.

ನಿಜವಾದ ಡ್ರೈವರ್‌ನಲ್ಲಿ ಇದರ ಮೇಲೆ ಇನ್ನೊಂದು ಫಂಕ್ಷನ್ ಬರುತ್ತದೆ, ಪ್ರೋಬ್ ಎಂದು. ಹಾಜರಿ ಪಟ್ಟಿಯಲ್ಲಿನ ಸಂಖ್ಯೆಯ ಸಾಧನ ಬಂದಾಗ ಕರ್ನೆಲ್ ಅದನ್ನು ಕರೆಯುತ್ತದೆ. ಇಲ್ಲಿ ಒಂದು ಗುಟ್ಟು ಹೇಳುತ್ತೇನೆ: ಲಿನಕ್ಸ್‌ಗೆ ಹೊಸಬರು ಕಳಿಸಿದ ಮೊದಲ ತಿದ್ದುಪಡಿಗಳಲ್ಲಿ ಎಷ್ಟೋ ಒಂದೇ ಸಾಲಿನವು. ಗೊತ್ತಿರುವ ಚಿಪ್ಪೇ, ಆದರೆ ಬೇರೆ ಕಂಪನಿ ತನ್ನ ಸಂಖ್ಯೆ ಹಾಕಿ ಮಾರಿದೆ. ಆ ಜೋಡಿ ಸಂಖ್ಯೆಯನ್ನು ಪಟ್ಟಿಗೆ ಸೇರಿಸುವುದಷ್ಟೇ ಕೆಲಸ. ಸೇರಿಸುವ ಮೊದಲು ಪರೀಕ್ಷಿಸಲು ಕಂಪೈಲ್ ಮಾಡಬೇಕಾಗಿಯೂ ಇಲ್ಲ. ಸಿಸ್ ಡೈರೆಕ್ಟರಿಯಲ್ಲಿ ಪ್ರತಿ ಯುಎಸ್‌ಬಿ ಡ್ರೈವರ್‌ನ ಹೆಸರಿನ ಒಳಗೆ ನ್ಯೂ ಐಡಿ ಎಂಬ ಫೈಲ್ ಇರುತ್ತದೆ. ಅದಕ್ಕೆ ಜೋಡಿ ಸಂಖ್ಯೆ ಬರೆದರೆ ಡ್ರೈವರ್ ಆ ಸಾಧನವನ್ನು ಹಿಡಿಯಲು ಯತ್ನಿಸುತ್ತದೆ. ಕೆಲವು ಡ್ರೈವರ್‌ಗಳಿಗೆ ಜೊತೆಯಲ್ಲಿ ಈಗಾಗಲೇ ಪಟ್ಟಿಯಲ್ಲಿರುವ ಮಾದರಿ ಸಾಧನದ ಸಂಖ್ಯೆಯನ್ನೂ ಕೊಡಬೇಕು. ನಡೆಯಿತೆಂದರೆ ಆ ಸಾಲನ್ನು ಡ್ರೈವರ್‌ನ ಉಸ್ತುವಾರಿ ನೋಡುವವರಿಗೆ ಕಳಿಸಬಹುದು. ಅವರು ಯಾರು ಎಂಬುದು ಕರ್ನೆಲ್‌ನ ಮೂಲದಲ್ಲೇ ಮೇಂಟೇನರ್ಸ್ ಎಂಬ ಫೈಲ್‌ನಲ್ಲಿದೆ.

ಬರೆಯಲಾಗದಿದ್ದರೂ ದೂರು ಸರಿಯಾಗಿ ಕೊಡುವುದು ದೊಡ್ಡ ಸಹಾಯ. "ವೈಫೈ ಬರ್ತಿಲ್ಲ, ಸಹಾಯ ಮಾಡಿ" ಎಂದರೆ ಯಾರಿಂದಲೂ ಏನೂ ಮಾಡಲಾಗದು. ಕರ್ನೆಲ್‌ನ ಆವೃತ್ತಿ, ಸಾಧನದ ಜೋಡಿ ಸಂಖ್ಯೆ, ಹಿಡಿದಿರುವ ಡ್ರೈವರ್, ಡಿಮೆಸೇಜ್‌ನ ಸಂಬಂಧಪಟ್ಟ ಸಾಲುಗಳು, ಮೊದಲು ಯಾವ ಆವೃತ್ತಿಯಲ್ಲಾದರೂ ನಡೆಯುತ್ತಿತ್ತೇ ಎಂಬ ಮಾಹಿತಿ ಇದ್ದರೆ ಇನ್ನೊಂದು ಖಂಡದಲ್ಲಿರುವವರೂ ನಿಮ್ಮ ಮೇಜಿನ ಮುಂದೆ ಕುಳಿತಂತೆ ನೋಡಬಲ್ಲರು. ಡಾಕ್ಟರರ ಬಳಿ ಹೋದಾಗ ಎಲ್ಲಿ ನೋವು, ಎಂದಿನಿಂದ, ಊಟಕ್ಕೆ ಮೊದಲೋ ಆಮೇಲೋ ಎಂದು ಹೇಳುವುದಿಲ್ಲವೇ?

ಅಭ್ಯಾಸ

ಮುಂದಿನ ಪ್ರಾಯೋಗಿಕ ತರಗತಿಗೆ ಬರುವಾಗ ಇವನ್ನು ಮಾಡಿಕೊಂಡು ಬನ್ನಿ. ಮನೆಯಲ್ಲಿ ಲಿನಕ್ಸ್ ಇಲ್ಲದವರು ಪೆನ್‌ಡ್ರೈವ್‌ನಿಂದಲೇ ಚಲಾಯಿಸಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಾಗಿಲ್ಲ. ಯಂತ್ರವಿಲ್ಲದವರು ಇಬ್ಬಿಬ್ಬರು ಸೇರಿ ಲ್ಯಾಬ್‌ನಲ್ಲಿ ಮಾಡಿ.

ನಿಮ್ಮ ಮೌಸ್‌ನ ಜೋಡಿ ಸಂಖ್ಯೆ ಮತ್ತು ಅದನ್ನು ಹಿಡಿದಿರುವ ಡ್ರೈವರ್‌ನ ಹೆಸರನ್ನು ಬರೆದುಕೊಳ್ಳಿ. ಇವ್‌ಟೆಸ್ಟ್ ತೆರೆದು ನಿಮ್ಮ ಹೆಸರಿನ ಮೊದಲ ಅಕ್ಷರದ ಕೀಲಿಗೆ ಯಾವ ಸಂಖ್ಯೆ ಬರುತ್ತದೆ ನೋಡಿ. ವಿನ್ಯಾಸವನ್ನು ಕನ್ನಡಕ್ಕೆ, ಆಮೇಲೆ ಉರ್ದುವಿಗೆ ಬದಲಿಸಿದಾಗ ಆ ಸಂಖ್ಯೆ ಬದಲಾಯಿತೇ, ಏಕೆ ಎಂದು ಎರಡು ವಾಕ್ಯದಲ್ಲಿ ಬರೆಯಿರಿ. ಕೊನೆಗೆ, ಮನೆಯಲ್ಲೋ ಪಕ್ಕದ ಮನೆಯಲ್ಲೋ ಲಿನಕ್ಸ್‌ನಲ್ಲಿ ನಡೆಯದ ಒಂದು ಸಾಧನ ಹುಡುಕಿ, ನಾಲ್ಕು ಪ್ರಶ್ನೆಗಳಲ್ಲಿ ಯಾವುದರ ಹತ್ತಿರ ಅದು ನಿಂತಿದೆ ಎಂದು ಪತ್ತೆಮಾಡಿ ಒಂದು ಪುಟದ ದೂರು ತಯಾರಿಸಿ. ಸರಿಯಾಗಿ ಬರೆದ ದೂರುಗಳನ್ನು ತರಗತಿಯಲ್ಲಿ ಒಟ್ಟಿಗೆ ಕುಳಿತು ಪರಿಹರಿಸೋಣ. ಸಾಧನವನ್ನೂ ತನ್ನಿ, ಅದರ ಕೇಬಲ್ಲನ್ನೂ ಮರೆಯದೆ ತನ್ನಿ.